ಪಕ್ಕದ ಮನೆಯ ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಕರೆ ಬಂದಿದೆಯೇ? ಹೋಗುವ ಮೊದಲು ತಿಳಿದಿರಬೇಕಾದದ್ದು

ಏಪ್ರಿಲ್-ಮೇ ರಜೆ ಶುರುವಾಯಿತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಗಳಲ್ಲಿ ನನ್ನ ಫೋನಿಗೆ ಬರುತ್ತದೆ. "ಪಕ್ಕದ ಮನೆ ಹುಡುಗಿದು ಫಸ್ಟ್ ಕಮ್ಯೂನಿಯನ್ ಅಂತೆ. ಕಾರ್ಡ್ ಕೊಟ್ಟು, ಬರ್ಲೇಬೇಕು ಅಂತ ಎರಡೆರಡು ಸಲ ಹೇಳಿ ಹೋದ್ರು. ಚರ್ಚಿಗೂ ಹೋಗ್ಬೇಕಾ, ಊಟಕ್ಕೆ ಹೋದ್ರೆ ಸಾಕಾ? ಎಲ್ಲರೂ ಮೊಣಕಾಲೂರಿದ್ರೆ ನಾವೂ ಊರ್ಬೇಕಾ? ಪ್ರಸಾದ ಕೊಟ್ರೆ ತಗೋಬೇಕಾ?" ಕೇಳುವವರಲ್ಲಿ ಕುಮಟಾ, ಅಂಕೋಲೆಯವರಿದ್ದಾರೆ. ಶಿರಸಿ, ಸಿದ್ದಾಪುರದಿಂದ ನೌಕರಿಗೆಂದು ಘಟ್ಟ ಇಳಿದವರೂ ಇದ್ದಾರೆ. ನಾನೂ ಹಾಗೆ ಶಿರಸಿ ಕಡೆಯಿಂದ ಕಾರವಾರಕ್ಕೆ ಬಂದವಳು. ಕ್ಯಾಥೋಲಿಕ್ ಸಹೋದ್ಯೋಗಿಗಳ, ನೆರೆಮನೆಯವರ ಇಂಥ ಎಷ್ಟೋ ಸಮಾರಂಭಗಳಲ್ಲಿ ಕೂತು ಕಲಿತದ್ದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ತಪ್ಪಾಗುವುದು ಅಗೌರವದಿಂದಲ್ಲ, ಹೆಚ್ಚಿನ ಸಲ ಅತಿ ಗೌರವದಿಂದ. ನಮ್ಮ ಮನೆಯಲ್ಲಿ ಯಾವುದು ಮರ್ಯಾದೆಯೋ ಅದನ್ನೇ ಅಲ್ಲಿಯೂ ಮಾಡಲು ಹೋಗಿ ಎಡವುತ್ತೇವೆ. ಎಲ್ಲಿ ಮುಂದೆ ಹೋಗಬೇಕು, ಎಲ್ಲಿ ಸುಮ್ಮನೆ ಕೂರಬೇಕು ಎನ್ನುವುದಷ್ಟು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಕಾರ್ಡಿನಲ್ಲಿರುವ ಶಬ್ದಗಳು

ಕಾರ್ಡು ಕನ್ನಡದಲ್ಲಿದ್ದರೆ 'ಪ್ರಥಮ ಪರಮಪ್ರಸಾದ ಸ್ವೀಕಾರ' ಎಂದಿರುತ್ತದೆ. ಕೊಂಕಣಿಯಲ್ಲಿ 'ಪಯ್ಲೊ ಕುಮ್ಗಾರ್'. ಮಾತಿನಲ್ಲಿ ಎಲ್ಲರೂ ಕಮ್ಯೂನಿಯನ್ ಎನ್ನುತ್ತಾರೆ. ಹುಟ್ಟಿದ ಸ್ವಲ್ಪ ಕಾಲಕ್ಕೇ ಜ್ಞಾನಸ್ನಾನ (ತಲೆಗೆ ನೀರು ಹೊಯ್ದು ಹೆಸರಿಡುವ ವಿಧಿ) ಪಡೆದ ಮಗು ಬೆಳೆದು, ಧರ್ಮಪಾಠದ ತರಗತಿ ಮುಗಿಸಿ, ಮೊದಲ ಸಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ ಬಿಲ್ಲೆ, ಸ್ವೀಕರಿಸುವ ದಿನ ಇದು. ಈಗ ಸಾಮಾನ್ಯವಾಗಿ ಎಂಟು-ಹತ್ತು ವರ್ಷದ ಮಕ್ಕಳು. ಹಿಂದೆಲ್ಲ ಹತ್ತು ದಾಟಿ, ಹಲವೆಡೆ ಹನ್ನೆರಡು-ಹದಿನಾಲ್ಕರವರೆಗೂ ಕಾಯಿಸುತ್ತಿದ್ದರು. ಒಳ್ಳೆಯದು ಕೆಟ್ಟದ್ದು ತಿಳಿಯುವ ವಯಸ್ಸು, ಅಂದರೆ ಸುಮಾರು ಏಳು, ಬಂದರೆ ಸಾಕು ಎಂದು 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಕಾಲದಲ್ಲಿ ಆದೇಶವಾಯಿತು.

'ಬಲಿಪೂಜೆ' ಎಂದು ಅಚ್ಚಾಗಿರುವುದನ್ನು ನೋಡಿ ಗಾಬರಿಪಟ್ಟು ಕೇಳಿದವರಿದ್ದಾರೆ. ಯಾವ ಪ್ರಾಣಿಬಲಿಯೂ ಇಲ್ಲ. ಕ್ರಿಸ್ತನ ಬಲಿದಾನದ ಸ್ಮರಣೆಯಾಗಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಪೂಜೆ ಅದು. ಕೊಂಕಣಿಯಲ್ಲಿ 'ಮೀಸ್', ಇಂಗ್ಲಿಷಿನವರ 'ಮಾಸ್'. 'ಇಗರ್ಜ್' ಎಂದರೆ ಚರ್ಚು. 'ಧರ್ಮಕೇಂದ್ರ' ಎಂದರೆ ಒಂದು ಚರ್ಚಿಗೆ ಸೇರಿದ ಮನೆಗಳ ಸಮೂಹ. ಇಂಥ ಧರ್ಮಕೇಂದ್ರಗಳೆಲ್ಲ ಸೇರಿ ಬಿಷಪ್ಪರ ಕೆಳಗೆ ಒಂದು 'ಧರ್ಮಪ್ರಾಂತ'. ನಮ್ಮ ಜಿಲ್ಲೆಯದು ಕಾರವಾರ ಧರ್ಮಪ್ರಾಂತ, 1976ರಲ್ಲಿ ಬೆಳಗಾವಿಯಿಂದ ಬೇರೆಯಾದದ್ದು.

ಈ ಬರಹದಲ್ಲಿ ಹೇಳುವುದೆಲ್ಲ ಕ್ಯಾಥೋಲಿಕ್ ಮನೆಗಳಿಗೆ ಸಂಬಂಧಿಸಿದ್ದು. ಪ್ರೊಟೆಸ್ಟೆಂಟ್ ಸಭೆಗಳ ಕ್ರಮ ಬೇರೆ, ಅವರ ಮನೆಯ ಕರೆಯಾದರೆ ಅವರನ್ನೇ ಕೇಳಿ.

1. ಕರೆಗೆ ಉತ್ತರ ಹೇಳಿ

ಕಾರ್ಡಿನಲ್ಲಿ ಎರಡು ಹೊತ್ತು ಬರೆದಿರುತ್ತದೆ. ಒಂದು ಚರ್ಚಿನ ಬಲಿಪೂಜೆಯದು, ಇನ್ನೊಂದು ಸಭಾಂಗಣದಲ್ಲೋ ಮನೆಯಂಗಳದ ಚಪ್ಪರದಲ್ಲೋ ನಡೆಯುವ ಊಟದ ಸಮಾರಂಭದ್ದು. ಎರಡೂ ಇದ್ದರೆ ನಿಮ್ಮನ್ನು ಎರಡಕ್ಕೂ ಕರೆದಿದ್ದಾರೆ ಎಂದೇ ಅರ್ಥ. ಊಟದ ಹೊತ್ತು ಮಾತ್ರ ಇದ್ದರೆ ಅದಕ್ಕಷ್ಟೇ ಹೋದರೆ ಸಾಕು, ಚರ್ಚಿಗೆ ಬಂದರೂ ಯಾರೂ ತಡೆಯುವುದಿಲ್ಲ. ನನ್ನನ್ನು ಕೇಳಿದರೆ, ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಚರ್ಚನ್ನು ಆರಿಸಿ. ತಿಂಗಳುಗಟ್ಟಲೆ ಪ್ರಾರ್ಥನೆ ಬಾಯಿಪಾಠ ಮಾಡಿ ತಯಾರಾದ ಮಗುವಿಗೆ ಅದೇ ದೊಡ್ಡ ಗಳಿಗೆ. ನಿಮ್ಮ ಮುಖ ಅಲ್ಲಿ ಕಂಡರೆ ಆ ಮನೆಯವರಿಗೆ ಆಗುವ ಸಂತೋಷವೇ ಬೇರೆ.

ನಮ್ಮ ಕಡೆ ಕರೆಗೆ "ನೋಡ್ವಾ, ಬರ್ತ್ಯ" ಎಂದು ಹೇಳಿ ಬಿಟ್ಟುಬಿಡುವ ರೂಢಿ ಇದೆ. ಇಲ್ಲಿ ಹಾಗೆ ಮಾಡಬೇಡಿ. ಊಟ ಪಂಕ್ತಿಯದಲ್ಲ, ಕೇಟರಿಂಗಿನವರಿಗೆ ತಲೆ ಎಣಿಸಿ ಹೇಳಿರುತ್ತಾರೆ. ಒಂದು ವಾರ ಮುಂಚೆಯಾದರೂ ಫೋನ್ ಮಾಡಿ ಎಷ್ಟು ಜನ ಬರುತ್ತೀರಿ, ಅದರಲ್ಲಿ ಶಾಕಾಹಾರಿಗಳು ಎಷ್ಟು ಎಂದು ತಿಳಿಸಿ. ಮೊಟ್ಟೆಯೂ ಆಗದವರಿದ್ದರೆ ಅದನ್ನೂ ಹೇಳಿ. ಸಂಕೋಚ ಬೇಡ, ಕೇಳಿದ್ದಕ್ಕೆ ಬೇಸರಪಟ್ಟವರನ್ನು ನಾನು ಕಂಡಿಲ್ಲ. ಹೇಳದೆ ಹೋಗಿ ಖಾಲಿ ತಟ್ಟೆ ಹಿಡಿದು ನಿಂತದ್ದನ್ನು ನೋಡಿ ನೊಂದುಕೊಂಡ ಗೃಹಿಣಿಯರನ್ನು ಕಂಡಿದ್ದೇನೆ.

ಮನೆಯಲ್ಲಿ ಸೂತಕವಿದ್ದರೆ ನಿಮ್ಮ ಪದ್ಧತಿಯಂತೆ ಮಾಡಿ. ಅವರ ಕಡೆಯಿಂದ ಅದಕ್ಕೆ ಅಡ್ಡಿಯಿಲ್ಲ. ಹೆಣ್ಣುಮಕ್ಕಳು ನನ್ನೊಬ್ಬಳ ಬಳಿ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆಯೊಂದಿದೆ, ಅದಕ್ಕೂ ಇಲ್ಲೇ ಉತ್ತರ ಹೇಳುತ್ತೇನೆ: ಮುಟ್ಟಿನ ದಿನಗಳಲ್ಲಿ ಚರ್ಚಿಗೆ ಬರಬಾರದೆಂಬ ನಿಯಮ ಕ್ಯಾಥೋಲಿಕರಲ್ಲಿ ಇಲ್ಲ. ಮಡಿ-ಮೈಲಿಗೆಯ ಲೆಕ್ಕವೂ ಇಲ್ಲ.

2. ಉಡುಗೆ ಮತ್ತು ಹೊತ್ತು

ಸೀರೆ, ಚೂಡಿದಾರ, ಪ್ಯಾಂಟು-ಶರ್ಟು, ಪಂಚೆ, ಯಾವುದಾದರೂ ಸರಿ. ಮೊಣಕಾಲು, ಭುಜ ಮುಚ್ಚಿರಲಿ. ಕುಂಕುಮ, ಹೂವು, ಮಂಗಳಸೂತ್ರ, ಹಣೆಯ ಗಂಧ ಯಾವುದನ್ನೂ ತೆಗೆಯಬೇಕಿಲ್ಲ. ನೀವು ನೀವಾಗಿ ಬರಲೆಂದೇ ಕರೆದಿದ್ದಾರೆ. ಹೆಂಗಸರು ತಲೆಗೆ ಸೆರಗು ಹೊದೆಯುವುದು ಕಡ್ಡಾಯವಲ್ಲ, ಗಂಡಸರು ಟೊಪ್ಪಿ ತೆಗೆದರೆ ಸಾಕು. ಪೂರ್ತಿ ಬಿಳಿ ಬಟ್ಟೆ ಮಾತ್ರ ಬೇಡ. ಅಂದು ಬಿಳಿ ಆ ಮಕ್ಕಳದ್ದು. ನಿಮ್ಮ ಜೊತೆ ಅದೇ ವಯಸ್ಸಿನ ಮಗಳಿದ್ದರೆ ಅವಳಿಗೆ ಬಿಳಿ ಫ್ರಾಕು ಹಾಕಬೇಡಿ, ಫೋಟೋ ತೆಗೆಯುವವರು ಅವಳನ್ನೂ ಸಾಲಿಗೆ ಎಳೆಯುತ್ತಾರೆ. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ರೇಷ್ಮೆಗಿಂತ ಹತ್ತಿ ಒಳ್ಳೆಯದು.

ಬಲಿಪೂಜೆ ಹೇಳಿದ ಹೊತ್ತಿಗೇ ಶುರುವಾಗುತ್ತದೆ. ಮುಹೂರ್ತಕ್ಕೆ ಅರ್ಧ ಗಂಟೆ ಆಚೀಚೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹದಿನೈದು ನಿಮಿಷ ಮೊದಲೇ ಇರಿ. ತಡವಾದರೆ ಹಿಂದೆ ಬಾಗಿಲ ಬಳಿ ನಿಂತಿದ್ದು, ಓದು ಅಥವಾ ಪ್ರಾರ್ಥನೆ ಮುಗಿದು ಜನ ಏಳುವಾಗಲೋ ಕೂರುವಾಗಲೋ ಒಳಗೆ ಸೇರಿಕೊಳ್ಳಿ. ಭಾನುವಾರದ ಪೂಜೆ ಸುಮಾರು ಒಂದು ಗಂಟೆ. ಮಕ್ಕಳ ಕಮ್ಯೂನಿಯನ್ ಇದ್ದ ದಿನ ಇನ್ನೂ ಸ್ವಲ್ಪ ಹಿಡಿಯುತ್ತದೆ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ: ಪೂಜೆಗೆ ಮೊದಲು ಮಗು ಸಿಕ್ಕಿದರೆ ಪ್ರೀತಿಯಿಂದ ಚಾಕಲೇಟು, ಪೇಡೆ ಬಾಯಿಗಿಡಬೇಡಿ. ಪರಮಪ್ರಸಾದ ಸ್ವೀಕರಿಸುವವರು ಅದಕ್ಕೆ ಮೊದಲು ಕನಿಷ್ಠ ಒಂದು ಗಂಟೆ ನೀರು, ಔಷಧ ಬಿಟ್ಟು ಬೇರೇನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಮೊದಲ ಸಲದ ಮಗುವಿಗೆ ಈ ನಿಯಮದ ಬಗ್ಗೆ ಇರುವ ಭಯ-ಭಕ್ತಿ ದೊಡ್ಡವರಿಗೆ ಅರ್ಥವಾಗುವಂಥದ್ದಲ್ಲ.

3. ಬಾಗಿಲು ದಾಟಿ, ಜಾಗ ಹಿಡಿದು

ಚಪ್ಪಲಿ ಬಿಡಬೇಕೇ? ನಮ್ಮ ಕರಾವಳಿಯ ಹೆಚ್ಚಿನ ಚರ್ಚುಗಳಲ್ಲಿ ಬಿಡುವುದಿಲ್ಲ, ಕೆಲವು ಕಡೆ ಬಿಡುತ್ತಾರೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡರೆ ನಿಮ್ಮದನ್ನೂ ಸೇರಿಸಿ. ಈ ಎರಡು ರೂಢಿ ಬಂದದ್ದಕ್ಕೆ ಕಾರಣವಿದೆ. 1969ರಲ್ಲಿ ಭಾರತದ ಪೂಜಾಕ್ರಮಕ್ಕೆ ಇಲ್ಲಿನ ಆಚಾರಗಳನ್ನು ಅಳವಡಿಸಿಕೊಳ್ಳಲು ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಪಾದರಕ್ಷೆ ಬಿಡುವುದು, ಕೈಮುಗಿಯುವುದು, ಆರತಿ ಎಲ್ಲ ಸೇರಿದ್ದವು. ಯಾವುದನ್ನು ಎಷ್ಟು ಪಾಲಿಸುತ್ತಾರೆ ಎನ್ನುವುದು ಊರಿಂದೂರಿಗೆ ಬೇರೆ.

ಬಾಗಿಲ ಪಕ್ಕ ಗೋಡೆಗೆ ಹೊಂದಿದ ಸಣ್ಣ ಬಟ್ಟಲಿನಲ್ಲಿ ನೀರಿರುತ್ತದೆ. ಒಳಗೆ ಹೋಗುವವರು ಅದರಲ್ಲಿ ಬೆರಳದ್ದಿ ಹಣೆ, ಎದೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಮಾಡುತ್ತಾರೆ. ಅದು ಮಂತ್ರಿಸಿದ ನೀರು, ಕುಡಿಯುವ ತೀರ್ಥವಲ್ಲ. ಅಂಗೈಯಲ್ಲಿ ತೆಗೆದು ಬಾಯಿಗೆ ಹಾಕಿಕೊಳ್ಳಬೇಡಿ. ನೀವು ಅದನ್ನು ಮುಟ್ಟದೆ ಸುಮ್ಮನೆ ಒಳಗೆ ಹೋಗಬಹುದು.

ಎದುರಿಗೆ ಎತ್ತರದ ಜಾಗದಲ್ಲಿ ಬಲಿಪೀಠ. ಅದರ ಹತ್ತಿರ ಪುಟ್ಟ ಬಾಗಿಲಿನ ಪೆಟ್ಟಿಗೆಯೊಂದು, ಪಕ್ಕದಲ್ಲಿ ಹಗಲಿರುಳೂ ಉರಿಯುವ ದೀಪ, ಹೆಚ್ಚಾಗಿ ಕೆಂಪು ಗಾಜಿನದು. ಆ ಪೆಟ್ಟಿಗೆಯೊಳಗೆ ಪರಮಪ್ರಸಾದ ಇದೆ ಎನ್ನುವುದಕ್ಕೆ ಅದು ಗುರುತು. ನಮ್ಮ ನಂದಾದೀಪದ ಹಾಗೆ. ಕ್ಯಾಥೋಲಿಕರು ಬೆಂಚಿಗೆ ಸರಿಯುವ ಮೊದಲು ಅತ್ತ ತಿರುಗಿ ಒಂದು ಮಂಡಿಯೂರುವುದು ಅದಕ್ಕೇ. ನೀವು ನಿಂತಲ್ಲೇ ತಲೆಬಾಗಿ ಕೈಮುಗಿದರೆ ಸಾಕು. ಬಲಿಪೀಠದ ಮೆಟ್ಟಿಲನ್ನು ಗರ್ಭಗುಡಿಯ ಹೊಸ್ತಿಲು ಎಂದೇ ತಿಳಿಯಿರಿ. ಫೋಟೋಕ್ಕೆಂದು ಹತ್ತಬೇಡಿ, ಜೊತೆಗಿರುವ ಮಕ್ಕಳನ್ನು ಆ ಕಡೆ ಓಡಲು ಬಿಡಬೇಡಿ.

ಮುಂದಿನ ಬೆಂಚುಗಳು ಕಮ್ಯೂನಿಯನ್ ಮಕ್ಕಳಿಗೆ, ಅವರ ತಂದೆ-ತಾಯಿಗೆ, ಗಾಡ್‌ಫಾದರ್-ಗಾಡ್‌ಮದರುಗಳಿಗೆ, ಅಂದರೆ ಜ್ಞಾನಸ್ನಾನದ ದಿನ ಮಗುವಿನ ಧರ್ಮದ ಹೊಣೆ ಹೊತ್ತವರಿಗೆ. ನೀವು ನಡುವಿನಲ್ಲಿ ಕೂರಿ. ತೀರಾ ಹಿಂದೆ ಕೂತರೆ ಮುಂದಿನವರನ್ನು ನೋಡಿ ಅನುಸರಿಸುವುದು ಕಷ್ಟ. ಬೆಂಚಿನಲ್ಲಿ ನಡುಹಾದಿಯ ಕಡೆಗಿಂತ ಗೋಡೆಯ ಕಡೆ ಸರಿದು ಕೂರುವುದು ಜಾಣತನ. ಏಕೆಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಬೆಂಚಿನ ಕೆಳಗೆ, ನಿಮ್ಮ ಪಾದಗಳ ಎದುರಿಗೆ, ಉದ್ದಕ್ಕೆ ಒಂದು ಹಲಗೆ ಇರುತ್ತದೆ. ಕೆಲವು ಕಡೆ ಅದಕ್ಕೆ ಮೆತ್ತೆಯನ್ನೂ ಹೊಲಿದಿರುತ್ತಾರೆ. ಕಾಲಿಡಲು ಅನುಕೂಲವಾಗಿದೆಯಲ್ಲ ಅನ್ನಿಸುತ್ತದೆ. ಇಡಬೇಡಿ. ಅದು ಮೊಣಕಾಲೂರುವ ಹಲಗೆ. ಹಿರಿಯರು ಬಿಳಿ ಸೀರೆ, ಇಸ್ತ್ರಿ ಮಾಡಿದ ಪ್ಯಾಂಟುಗಳಲ್ಲಿ ಅದರ ಮೇಲೆಯೇ ಮಂಡಿಯೂರುತ್ತಾರೆ. ಚೀಲವನ್ನೂ ಅದರ ಮೇಲೆ ಇಡಬಾರದು.

4. ಏಳುವುದು, ಕೂರುವುದು, ಮೊಣಕಾಲೂರುವುದು

ಹಳಬರ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆಯಾ ಊರಿನ ಭಾಷೆ ಬಂತು. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕೊಂಕಣಿ, ಕೆಲವು ಚರ್ಚುಗಳಲ್ಲಿ ಕನ್ನಡ. ಹಾಗಾಗಿ ಕಾರವಾರದವರಿಗೆ ಬಹಳಷ್ಟು ಅರ್ಥವೇ ಆಗುತ್ತದೆ, ಕಿವಿಗೊಟ್ಟು ಕೇಳಿ.

ನೆನಪಿಡಬೇಕಾದ ಸೂತ್ರ ಇಷ್ಟೇ: ಎಲ್ಲರೂ ಎದ್ದರೆ ಏಳಿ, ಕೂತರೆ ಕೂರಿ. ಮೊಣಕಾಲೂರಿದಾಗ ಮಾತ್ರ ನಿಮಗೆ ಆಯ್ಕೆಯಿದೆ, ಊರದೆ ಸ್ವಲ್ಪ ಮುಂದೆ ಬಾಗಿ ಮೌನವಾಗಿ ಕೂತರೆ ಯಾವ ತಪ್ಪೂ ಇಲ್ಲ. ಪ್ರಾರ್ಥನೆಗಳಿಗೆ ದನಿಗೂಡಿಸಬೇಕಿಲ್ಲ, ಶಿಲುಬೆಯ ಗುರುತು ಹಾಕಬೇಕಿಲ್ಲ. ನಂಬದ್ದನ್ನು ನಂಬಿದಂತೆ ನಟಿಸಿ ಎಂದು ಯಾರೂ ಕೇಳುವುದಿಲ್ಲ.

ಕ್ರಮ ಹೀಗಿರುತ್ತದೆ. ಹಾಡಿನೊಂದಿಗೆ ಮಕ್ಕಳ, ಗುರುಗಳ (ಪಾದ್ರಿಯವರ) ಪ್ರವೇಶ, ಎಲ್ಲರೂ ನಿಲ್ಲುತ್ತಾರೆ. ಮಗು ಪಕ್ಕದಲ್ಲೇ ಹಾದುಹೋದರೂ ಹೆಸರು ಹಿಡಿದು ಕೂಗಬೇಡಿ, ಮುಗುಳ್ನಗೆ ಸಾಕು. ಆಮೇಲೆ ಬೈಬಲಿನ ಓದು, ಅದಕ್ಕೆ ಕೂರುತ್ತಾರೆ. 'ಶುಭಸಂದೇಶ', ಅಂದರೆ ಯೇಸುವಿನ ಬದುಕಿನ ಭಾಗ, ಓದುವಾಗ ಮತ್ತೆ ನಿಲ್ಲುತ್ತಾರೆ. ನಂತರ ಗುರುಗಳ ಪ್ರಬೋಧನೆ, ಕೂತು ಕೇಳುವುದು. ಅದು ಮುಗಿದು ಸ್ವಲ್ಪ ಹೊತ್ತಿಗೆ ಕಾಣಿಕೆಯ ಚೀಲವೋ ಬುಟ್ಟಿಯೋ ಕೈಯಿಂದ ಕೈಗೆ ಬರುತ್ತದೆ. ಹಾಕಬೇಕೆಂದಿದ್ದರೆ ಹತ್ತು, ಇಪ್ಪತ್ತು, ನಿಮ್ಮ ಮನಸ್ಸಿಗೆ ಬಂದಷ್ಟು. ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸಿ, ಯಾರೂ ಗಮನಿಸುವುದಿಲ್ಲ. ಮಗುವಿನ ಉಡುಗೊರೆಯ ಲಕೋಟೆಯನ್ನು ಇದಕ್ಕೆ ಹಾಕಿಬಿಟ್ಟವರಿದ್ದಾರೆ, ಜೋಪಾನ.

ಮುಂದಿನದು ಪೂಜೆಯ ನಡುಗಂಬ. ಗುರುಗಳು ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಒಂದಾದ ಮೇಲೊಂದು ಎತ್ತಿ ತೋರಿಸುತ್ತಾರೆ, ಸಣ್ಣ ಗಂಟೆ ಬಾರಿಸುತ್ತದೆ. ನಮ್ಮ ಮಹಾಮಂಗಳಾರತಿಯಲ್ಲಿ ಗಂಟೆ, ಜಾಗಟೆ ಎಲ್ಲ ಸೇರಿ ಸದ್ದು ಏರುತ್ತ ಹೋಗುತ್ತದೆ. ಇಲ್ಲಿ ಗಂಟೆ ಕೇಳಿತೆಂದರೆ ಇಡೀ ಚರ್ಚು ಉಸಿರು ಹಿಡಿದಂತೆ ಮೌನವಾಗುತ್ತದೆ. ಆ ಹೊತ್ತಿನಲ್ಲಿ ಮಾತು, ಓಡಾಟ, ಫೋನು, ಕ್ಯಾಮೆರಾದ ಫ್ಲಾಶು ಯಾವುದೂ ಬೇಡ. ಕೈಗೂಸು ಅತ್ತರೆ ಎತ್ತಿಕೊಂಡು ಹೊರಗೆ ಹೋಗಿ ಸಮಾಧಾನ ಮಾಡಿ, ಅದಕ್ಕೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇದಾದ ಮೇಲೆ ಒಬ್ಬರಿಗೊಬ್ಬರು ಶಾಂತಿ ಹಾರೈಸುವ ಗಳಿಗೆ. ಆಚೀಚೆಯವರು ತಟ್ಟನೆ ನಿಮ್ಮತ್ತ ತಿರುಗಿ ಕೈಮುಗಿಯುತ್ತಾರೆ. ನೀವೂ ಮುಖ ನೋಡಿ ಕೈಮುಗಿಯಿರಿ. ಇಲ್ಲಿ ಹಿಂಜರಿದು ತಲೆತಗ್ಗಿಸಿ ಕೂರಬೇಡಿ, ಇದು ನಿಮಗೂ ಸೇರಿದ್ದು.

5. ಪರಮಪ್ರಸಾದದ ಹೊತ್ತು

ಇಡೀ ಬರಹವನ್ನು ಮರೆತರೂ ಈ ಭಾಗ ನೆನಪಿರಲಿ.

ಜನ ಬೆಂಚಿನಿಂದ ಎದ್ದು ಸಾಲಾಗಿ ಮುಂದೆ ಹೋಗುತ್ತಾರೆ. ಗುರುಗಳು ಒಬ್ಬೊಬ್ಬರಿಗೂ ತೆಳ್ಳನೆಯ ಬಿಳಿ ಬಿಲ್ಲೆಯೊಂದನ್ನು ಎತ್ತಿ ತೋರಿಸಿ "ಕ್ರಿಸ್ತಾಚಿ ಕೂಡ್", ಅಂದರೆ 'ಕ್ರಿಸ್ತನ ಶರೀರ' ಎನ್ನುತ್ತಾರೆ. "ಆಮೆನ್" ಎಂದು ಉತ್ತರಿಸಿದವರ ನಾಲಗೆಯ ಮೇಲೋ ಅಂಗೈಯಲ್ಲೋ ಇಡುತ್ತಾರೆ. ಆ ಬಿಲ್ಲೆಗೆ 'ಓಸ್ತಿ' ಎಂದು ಹೆಸರು. ಗೋದಿ ಹಿಟ್ಟು, ನೀರು ಎರಡರಿಂದಲೇ, ಹುಳಿ ಬರಿಸದೆ ಮಾಡಿದ್ದು. ನಮ್ಮ ಕಡೆಯ ಕಾಗದದಂಥ ತೆಳು ಸಿಹಿತಿಂಡಿ ತೊಡದೇವಿನ ಹಾಗೆ ಹಗುರ, ಆದರೆ ರುಚಿಯೇ ಇಲ್ಲವೆನ್ನುವಷ್ಟು ಸಪ್ಪೆ. ಆದರೆ ಪೂಜೆಯಲ್ಲಿ ಅರ್ಪಿತವಾದ ಮೇಲೆ ಅದು ರೊಟ್ಟಿಯಲ್ಲ, ಸಾಕ್ಷಾತ್ ಕ್ರಿಸ್ತನ ಶರೀರ ಎನ್ನುವುದು ಕ್ಯಾಥೋಲಿಕರ ನಂಬಿಕೆ. ಸಂಕೇತವೆಂದಲ್ಲ, ನಿಜವಾಗಿಯೇ. ಅದನ್ನು ಸ್ವೀಕರಿಸುವುದು ಆ ನಂಬಿಕೆಯನ್ನು ಒಪ್ಪಿ, ಜ್ಞಾನಸ್ನಾನ ಪಡೆದು, ತಯಾರಾದವರು ಮಾತ್ರ. ಆ ಮನೆಯ ಮಗುವೇ ಇಷ್ಟು ವರ್ಷ ಕಾದದ್ದು ಇದಕ್ಕಾಗಿ.

ಆದ್ದರಿಂದ ನೀವು ಸಾಲಿನಲ್ಲಿ ಹೋಗಬಾರದು. ಕೂತಲ್ಲೇ ಕೂತಿರಿ.

ತೊಡಕಿರುವುದು ಶಬ್ದದಲ್ಲಿ. 'ಪ್ರಸಾದ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕೈ ತಾನಾಗಿ ಮುಂದೆ ಚಾಚುತ್ತದೆ. ಪ್ರಸಾದ ಬೇಡವೆನ್ನುವುದು ದೇವರಿಗೂ ಕೊಟ್ಟವರಿಗೂ ಅವಮಾನ ಎಂದು ಚಿಕ್ಕಂದಿನಿಂದ ಕಲಿತವರು ನಾವು. ಯಾವ ಜಾತಿ, ಯಾವ ಊರು ಎಂದು ಕೇಳದೆ ಹಂಚುವುದೇ ನಮ್ಮ ಪ್ರಸಾದದ ಹಿರಿಮೆ. ಇಲ್ಲಿ ಅದೇ ಶಬ್ದಕ್ಕೆ ಬೇರೆ ಅರ್ಥ. ತೆಗೆದುಕೊಳ್ಳದೆ ಕೂರುವುದೇ ಗೌರವ.

ಇದು ನನಗೆ ಗೊತ್ತಾದದ್ದು ತಪ್ಪು ಮಾಡಿಯೇ. ಕಾರವಾರಕ್ಕೆ ಬಂದ ಮೊದಲ ವರ್ಷ ಸಹೋದ್ಯೋಗಿಯ ಮಗನ ಕಮ್ಯೂನಿಯನ್‌ಗೆ ಹೋಗಿದ್ದೆ. ಸಾಲು ಎದ್ದಾಗ ನಾನೂ ಎದ್ದೆ, ಅಂಗೈ ಚಾಚಿದೆ, ಓಸ್ತಿ ಬಂತು. ಮನೆಯಲ್ಲಿ ಅತ್ತೆಯವರಿಗೂ ಚೂರು ಕೊಡೋಣವೆಂದು ಕರವಸ್ತ್ರದಲ್ಲಿ ಸುತ್ತಿಕೊಂಡೆ. ದೇವಸ್ಥಾನದಿಂದ ಬರುವಾಗ ಎಲ್ಲರೂ ಮಾಡುವುದೇ ಅದು. ಬೆಂಚಿಗೆ ಮರಳುವಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ಬಂದು ಮೊಣಕೈ ಮುಟ್ಟಿ, "ಬಾಯಿ, ತೆಂ ಮ್ಹಜೆ ಸಾಂಗಾತಾ ಹಾಡ್" ಎಂದರು, ತಂಗೀ, ಅದನ್ನು ನನ್ನ ಜೊತೆ ತಾ ಎಂದು. ಪೂಜೆ ಮುಗಿದ ಕೂಡಲೇ ಗುರುಗಳ ಬಳಿ ಕರೆದುಕೊಂಡು ಹೋದರು. ಗುರುಗಳು ಕರವಸ್ತ್ರ ಬಿಡಿಸಿ, ಓಸ್ತಿಯನ್ನು ತಾವೇ ಸ್ವೀಕರಿಸಿ, ಬಟ್ಟೆಯ ಮೇಲೆ ಉಳಿದ ಪುಡಿಯನ್ನು ಬೆರಳ ತುದಿಯಿಂದ ಒಂದೊಂದಾಗಿ ತೆಗೆದರು. ಗದರಿಸಲಿಲ್ಲ. ಆ ಬೆರಳು ನೋಡಿದ ಮೇಲೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ನಿಮಗೆ ಹಾಗಾದರೆ ಏನು ಮಾಡಬೇಕು? ಕೈಗೆ ಬಂದುಬಿಟ್ಟಿದ್ದರೆ ಅಲ್ಲೇ ನಿಂತು "ಫಾದರ್, ನಾನು ಕ್ಯಾಥೋಲಿಕ್ ಅಲ್ಲ" ಎಂದು ಮೆಲ್ಲಗೆ ಹೇಳಿ ಅವರ ಕೈಗೇ ಮರಳಿಸಿ. ಜೇಬಿಗೆ, ಪರ್ಸಿಗೆ ಹಾಕಬೇಡಿ, ಬೆಂಚಿನ ಮೇಲೆ ಇಡಬೇಡಿ, ಮನೆಗಂತೂ ತರಬೇಡಿ. ಗೊತ್ತಿಲ್ಲದೆ ತಿಂದದ್ದಾಗಿದ್ದರೆ ಹೆದರುವುದು ಬೇಡ, ಮುಂದಿನ ಸಲ ಎಚ್ಚರವಿರಲಿ. ನಿಮ್ಮ ಮಕ್ಕಳಿಗೂ ಹಿಂದಿನ ದಿನವೇ ಹೇಳಿಟ್ಟಿರಿ. ತನ್ನ ಗೆಳತಿ ಮುಂದೆ ಹೋದಳೆಂದು ಮಗುವೂ ಓಡುತ್ತದೆ.

ಗೋಡೆಯ ಕಡೆ ಕೂರಿ ಎಂದದ್ದು ಇದಕ್ಕೇ. ಹಾದಿಯ ಕಡೆ ಕೂತಿದ್ದರೆ ಬೆಂಚಿನವರೆಲ್ಲ ಏಳುವಾಗ ನೀವೇ ಮೊದಲು ಏಳಬೇಕಾಗಿ, ತಿಳಿಯದೆ ಸಾಲಿನೊಳಗೆ ಸೇರಿಬಿಡುತ್ತೀರಿ. ಹಾಗೆ ಕೂತಿದ್ದರೆ ಹಾದಿಗೆ ಇಳಿದು, ಅವರನ್ನು ದಾಟಿಸಿ, ಮತ್ತೆ ಕೂರಿ. ಕೆಲವು ಚರ್ಚುಗಳಲ್ಲಿ ಕ್ಯಾಥೋಲಿಕರಲ್ಲದವರು ಎದೆಯ ಮೇಲೆ ಕೈಕಟ್ಟಿ ಹೋದರೆ ಗುರುಗಳು ಆಶೀರ್ವಾದ ಮಾತ್ರ ಕೊಡುತ್ತಾರೆ. ಎಲ್ಲ ಕಡೆ ಈ ರೂಢಿಯಿಲ್ಲ. ಆಸೆಯಿದ್ದರೆ ಮನೆಯವರನ್ನು ಮೊದಲೇ ಕೇಳಿ.

ಮಕ್ಕಳು ಸ್ವೀಕರಿಸುವ ಕ್ಷಣದ ಫೋಟೋಕ್ಕೆ ಚರ್ಚಿನವರೇ ಒಬ್ಬ ಫೋಟೋಗ್ರಾಫರನ್ನು ಗೊತ್ತುಮಾಡಿರುತ್ತಾರೆ. ಹಾದಿಯಲ್ಲಿ ನಿಂತು ಮೊಬೈಲ್ ಎತ್ತಬೇಡಿ.

6. ಹಾರೈಕೆ, ಉಡುಗೊರೆ

ಪೂಜೆ ಮುಗಿದ ಮೇಲೆ ಹೊರಗೆ ಅಂಗಳದಲ್ಲಿ ಮಗುವಿನ ಕೈಕುಲುಕಿ "ಕಂಗ್ರಾಜುಲೇಶನ್ಸ್" ಎನ್ನಿ, "ದೇವರು ಒಳ್ಳೇದು ಮಾಡ್ಲಿ" ಎಂದರೂ ಚೆಂದ. ಕೊಂಕಣಿಯಲ್ಲಿ "ದೇವ್ ಬರೆಂ ಕರುಂ" ಎನ್ನುವ ಮಾತಿಗೂ ಅದೇ ಅರ್ಥ, ಆದರೆ ಅವರು ಅದನ್ನು ಬಳಸುವುದು ಧನ್ಯವಾದ ಹೇಳಲು. ಊಟ ಮುಗಿಸಿ ಹೊರಡುವಾಗ ಹೇಳಿ. ಗುರುಗಳನ್ನು 'ಫಾದರ್', ಸನ್ಯಾಸಿನಿಯರನ್ನು 'ಸಿಸ್ಟರ್' ಎಂದು ಕರೆದರೆ ಸಾಕು. ಕಾಲಿಗೆ ಬೀಳುವುದು ಬೇಡ, ನಮಸ್ಕಾರ ಸಾಲುತ್ತದೆ.

ಉಡುಗೊರೆ ಕೊಡುವುದು ಊಟದ ಜಾಗದಲ್ಲಿ, ಚರ್ಚಿನಲ್ಲಲ್ಲ. ಲಕೋಟೆ ಎಲ್ಲಕ್ಕಿಂತ ಸುಲಭ, ನಮ್ಮ ರೂಢಿಯ 101, 501 ಹಾಗೇ ಇರಲಿ. ವಾಚು, ಕಥೆ ಪುಸ್ತಕ, ಬಣ್ಣದ ಪೆಟ್ಟಿಗೆ ಯಾವುದಾದರೂ ಮಗುವಿಗೆ ಖುಷಿಯೇ. ಜಪಮಾಲೆ, ಬೈಬಲ್, ಶಿಲುಬೆಯ ಚೈನು ಗಾಡ್‌ಪೇರೆಂಟ್ಸ್ ಕೊಡುವಂಥವು, ಅವರಿಗೇ ಬಿಡಿ. ನಮ್ಮ ದೇವರ ಮೂರ್ತಿ, ಪಟ ಕೊಡಬೇಡಿ.

7. ಊಟದ ಮನೆ

ಒಳಗೆ ಹೋದ ಕೂಡಲೇ ಊಟ ಸಿಗುವುದಿಲ್ಲ. ಮೊದಲು ಮಗುವನ್ನು ಕರೆತಂದು ಕೇಕ್ ಕತ್ತರಿಸುತ್ತಾರೆ. ಆಮೇಲೆ 'ಟೋಸ್ಟ್': ಮನೆಯ ಹಿರಿಯರೋ ಗಾಡ್‌ಫಾದರೋ ಮೈಕು ಹಿಡಿದು ಮಗುವಿನ ಬಗ್ಗೆ ಎರಡು ಮಾತಾಡಿ, ಎಲ್ಲರೂ ಗ್ಲಾಸು ಎತ್ತಿ ಹಾರೈಸುವುದು. ಅದಕ್ಕೆ ಮೊದಲು ಎಲ್ಲರ ಕೈಗೂ ಪುಟ್ಟ ಗ್ಲಾಸು ಬರುತ್ತದೆ. ವೈನ್ ಬೇಡವಾದರೆ ಜ್ಯೂಸ್ ಕೇಳಿ ಪಡೆಯಿರಿ. ಗ್ಲಾಸಿನಲ್ಲಿ ಏನಿದೆ ಎನ್ನುವುದು ಮುಖ್ಯವಲ್ಲ, ಎಲ್ಲರೊಡನೆ ಎದ್ದು ನಿಂತು ಎತ್ತುವುದು ಮುಖ್ಯ. ಟೋಸ್ಟ್ ಮುಗಿಯುವ ಮೊದಲೇ ಕುಡಿದುಬಿಡಬೇಡಿ. ಊಟಕ್ಕೆ ಮುಂಚೆ ಗುರುಗಳೋ ಹಿರಿಯರೋ ಚಿಕ್ಕ ಪ್ರಾರ್ಥನೆ ಹೇಳುತ್ತಾರೆ, ಅದು ಮುಗಿದ ಮೇಲೆ ತಟ್ಟೆ ಹಿಡಿಯಿರಿ.

ಮದ್ಯ ಇರಬಹುದು. ಬೇಡವೆಂದರೆ ಒಂದೇ ಮಾತು, "ಬೇಡ, ನಾನು ತಗೊಳ್ಳೋದಿಲ್ಲ". ಕೈಯಲ್ಲಿ ಜ್ಯೂಸಿನ ಗ್ಲಾಸಿದ್ದರೆ ಮತ್ತೆ ಯಾರೂ ಕೇಳುವುದಿಲ್ಲ.

ಮೀನು, ಕೋಳಿ ತಿನ್ನುವವರಿಗೆ ಹಬ್ಬವೇ ಸರಿ. ಗೋವೆಯ ನಂಟಿನ ಶಾಕುತಿ (ಮಾಂಸದ ಮಸಾಲೆ ಪದಾರ್ಥ), ಸೊರ್ಪೊತೆಲ್, ಸಾನ್ನಾಂ, ಕೊನೆಗೆ ಪದರು ಪದರಾದ ಸಿಹಿ ಬೆಬಿಂಕಾ ಇರಬಹುದು. ಸೊರ್ಪೊತೆಲ್ ಹಂದಿ ಮಾಂಸದ್ದು. ಹಂದಿ ತಿನ್ನದ ಮನೆಗಳು ನಮ್ಮಲ್ಲಿ ಬಹಳ, ಆದ್ದರಿಂದ ಬಡಿಸುವವರನ್ನು "ಇದು ಯಾವ್ದು?" ಎಂದು ಕೇಳಿಯೇ ಹಾಕಿಸಿಕೊಳ್ಳಿ. ಮೊದಲು ಹಾಕಿಸಿಕೊಂಡು ಆಮೇಲೆ ತಟ್ಟೆಯ ಬದಿಗೆ ಸರಿಸುವುದಕ್ಕಿಂತ ಕೇಳುವುದು ಎಷ್ಟೋ ಮೇಲು.

ಶಾಕಾಹಾರಿಗಳು ಮೋಸಹೋಗುವುದು ಮಾಂಸ ಕಾಣದ ಪದಾರ್ಥಗಳಲ್ಲಿ. ಪಲಾವಿನಲ್ಲಿ ಬಟಾಣಿ, ಗಜ್ಜರಿಯಷ್ಟೇ ಕಂಡರೂ ಅನ್ನ ಬೇಯಿಸಿದ್ದು ಕೋಳಿ ಬೇಯಿಸಿದ ನೀರಿನಲ್ಲಿ ಇರಬಹುದು. ಸಾನ್ನಾಂ ನೋಡಲು ಇಡ್ಲಿಯೇ, ಆದರೆ ಹಳೆಯ ಕ್ರಮದಲ್ಲಿ ಹಿಟ್ಟು ಹುದುಗಲು ಸೇಂದಿ ಹಾಕುತ್ತಾರೆ, ಈಗ ಅನೇಕರು ಯೀಸ್ಟ್ ಬಳಸುತ್ತಾರೆ. ಕೇಕಿನಲ್ಲಿ, ಬೆಬಿಂಕಾದಲ್ಲಿ ಮೊಟ್ಟೆ ಇರುತ್ತದೆ. ಬೆಬಿಂಕಾದಲ್ಲಂತೂ ಹಳದಿ ಭಾಗದ್ದೇ ಕಾರುಬಾರು. ಒಂದೇ ಸವಟಿನಿಂದ ಎರಡೂ ಕಡೆ ಬಡಿಸಿಕೊಳ್ಳುವವರು ಇರುವುದರಿಂದ, ಶಾಕಾಹಾರದ ಮೇಜು ಬೇರೆಯಿದ್ದರೂ ಬೇಗ ಹೋಗಿ ಬಡಿಸಿಕೊಳ್ಳಿ.

ಹೊರಗೆ ಅನ್ನವನ್ನೇ ಮುಟ್ಟದ ಹಿರಿಯರು ಜೊತೆಗಿದ್ದರೆ? ಅವರನ್ನು ಬಿಟ್ಟು ಹೋಗುವ ಅಗತ್ಯವಿಲ್ಲ. ಹಿಂದಿನ ದಿನವೇ "ಅಪ್ಪಯ್ಯಂಗೆ ಬಾಳೆಹಣ್ಣು, ಎಳನೀರು ಸಾಕು" ಎಂದು ತಿಳಿಸಿ. ಬಂದು ಮಗುವಿನ ತಲೆ ಸವರಿ, ಎಳನೀರು ಕುಡಿದು, ನಾಲ್ಕು ಮಾತಾಡಿ ಎದ್ದರೆ ಆ ಮನೆಯವರಿಗೆ ಊಟ ಮಾಡಿದಷ್ಟೇ ತೃಪ್ತಿ. ಏನೂ ಮುಟ್ಟದೆ, ಕಾರಣವನ್ನೂ ಹೇಳದೆ ಎದ್ದು ಹೋಗುವುದು ಮಾತ್ರ ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಕರೆ ಬೇರೆಯದಾದರೆ

ಜ್ಞಾನಸ್ನಾನ, ಅಂದರೆ ಮಗುವಿನ ತಲೆಗೆ ನೀರು ಹೊಯ್ದು ಹೆಸರಿಡುವ ವಿಧಿ, ಬೇಗ ಮುಗಿಯುತ್ತದೆ. ಬಲಿಪೂಜೆ ಇಲ್ಲದೆ ಮಾಡಿದರೆ ಮುಕ್ಕಾಲು ಗಂಟೆಯೂ ಬೇಡ. ಮೇಲಿನದೇ ಕ್ರಮ ಅನುಸರಿಸಿ.

ಮದುವೆಯ ಹಿಂದಿನ ದಿನದ 'ರೋಸ್' ಮಾತ್ರ ಪೂರ್ತಿ ಬೇರೆ. ರೋಸ್ ಎಂದರೆ ತೆಂಗಿನಕಾಯಿ ಹಾಲು. ಮದುಮಗನಿಗೆ, ಮದುಮಗಳಿಗೆ ಅವರವರ ಮನೆಯಲ್ಲಿ ಕಾಯಿಹಾಲು, ಎಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರ. ನಮ್ಮ ಅರಿಶಿನ ಎಣ್ಣೆಯ ಹಾಗೆಯೇ. ಚರ್ಚಿನಲ್ಲಿ ಹಿಂದೆ ಕೂತು ರೂಢಿಯಾದವರು ಇಲ್ಲಿಯೂ ಗೋಡೆಗೊರಗಿ ನಿಂತುಬಿಡುತ್ತಾರೆ. ಇಲ್ಲಿ ಹಾಗೆ ನಿಂತರೆ ಮುನಿಸು ಎಂದುಕೊಳ್ಳುತ್ತಾರೆ! ಹಿರಿಯರ ಸರದಿ ಮುಗಿದು ನಿಮ್ಮನ್ನು ಕರೆದಾಗ ಮುಂದೆ ಹೋಗಿ, ಕಾಯಿಹಾಲು ಹಚ್ಚಿ, ಹಾರೈಸಿ. ಒಗೆಯಬಹುದಾದ ಬಟ್ಟೆಯಲ್ಲಿ ಹೋಗಿ, ಕೊನೆಗೆ ಎರಚಾಟವೂ ಆಗುವುದುಂಟು.

ಚರ್ಚಿನ ವಾರ್ಷಿಕ ಹಬ್ಬಕ್ಕೆ, 'ಫೆಸ್ತ್‌'ಗೆ, ಕರೆಯೇ ಬೇಕಿಲ್ಲ. ಡಿಸೆಂಬರ್ 3ರಂದು ಕುಮಟಾ ಹತ್ತಿರದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು ಹೋಗುತ್ತಾರೆ. ಮೊಂಬತ್ತಿ ಹಚ್ಚಬಹುದು, ಕೈಮುಗಿಯಬಹುದು. ಪರಮಪ್ರಸಾದದ ನಿಯಮ ಅಲ್ಲಿಯೂ ಒಂದೇ.

ಅವರು ನಿಮ್ಮ ಮನೆಗೆ ಬಂದಾಗ

ವರ್ಷದೊಳಗೆ ನಿಮ್ಮ ಮನೆಯ ಸತ್ಯನಾರಾಯಣ ಕಥೆಗೋ ಮಗನ ಉಪನಯನಕ್ಕೋ ನೀವು ಅವರನ್ನು ಕರೆಯುತ್ತೀರಿ. ಅವರಿಗೂ ಇವೇ ಪ್ರಶ್ನೆಗಳಿವೆ, ಕೇಳಲು ಸಂಕೋಚ. ನೀವಾಗಿಯೇ ಹೇಳಿ: ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಜಾಗದವರೆಗೆ ಬರಬಹುದು, ಮಂಗಳಾರತಿ ಹೊತ್ತಿಗೆ ಎದ್ದು ನಿಂತರೆ ಸಾಕು ಎಂದು. ದೇವರಿಗೆ ನೈವೇದ್ಯವಾದದ್ದನ್ನು ತಿನ್ನಲು ಕೆಲವು ಕ್ಯಾಥೋಲಿಕರು ಹಿಂಜರಿಯುತ್ತಾರೆ, ಕೆಲವರಿಗೆ ಅಡ್ಡಿಯಿಲ್ಲ. ಸತ್ಯನಾರಾಯಣ ಕಥೆಯ ಪ್ರಸಾದವಾದ ಸಪಾದಭಕ್ಷ್ಯ ಹಂಚುವವರು ಅವರ ಮುಂದೆ ಬಂದಾಗ ಕೈ ಚಾಚಿದರೆ ಕೊಡಿ, ಚಾಚದಿದ್ದರೆ ಒತ್ತಾಯಿಸದೆ ಮುಂದೆ ಹೋಗಿ. ಅವರಿಗೆಂದು ಆಸರಿಗೆ, ಅಂದರೆ ಬಾಯಾರಿಕೆಗೆ, ಒಂದು ಲೋಟ ಕಷಾಯ, ಒಂದಿಷ್ಟು ತೊಡದೇವು, ಬಾಳೆಹಣ್ಣು ಬೇರೆ ತಟ್ಟೆಯಲ್ಲಿ ತೆಗೆದಿಟ್ಟಿರಿ. ಎಲ್ಲರೂ ತಿನ್ನುವ ಹೊತ್ತಿನಲ್ಲೇ ಆ ತಟ್ಟೆಯೂ ಹೊರಗೆ ಬರಲಿ.